ಕೊಂಬಿನ ಹಿಡಿಕೆ

ಇವತ್ತು ಒಂದು ಕತ್ತಿಯ ವಿಷಯ ಮಾತನಾಡಬೇಕೆಂದು ಬಂದಿದ್ದೇನೆ. ಕತ್ತಿಯೆಂದ ಕೂಡಲೆ ಯಾರೂ ಗಾಬರಿಯಾಗಬೇಕಾಗಿಲ್ಲ. ಇದು ಯುದ್ಧದ ಕತ್ತಿಯಲ್ಲ, ಪುಸ್ತಕಕ್ಕೆ ರಟ್ಟು ಕಟ್ಟುವವರ ಕತ್ತಿ. ಗೇಣುದ್ದದ್ದು, ಅದರಲ್ಲಿ ಅರ್ಧ ಅಲಗು, ಅರ್ಧ ಹಿಡಿಕೆ. ರೇಡಿಯೋದಲ್ಲಿ ವಸ್ತುವನ್ನು ತೋರಿಸುವ ಸೌಕರ್ಯವಿಲ್ಲ. ಇದ್ದರೂ ನಾನು ತೋರಿಸಲಾರೆ, ಏಕೆಂದರೆ ಅದರ ಅಲಗು ಮಾತ್ರ ನನ್ನಲ್ಲಿದೆ, ಹಿಡಿಕೆ ಇಲ್ಲ. ಅದು ಹೋದ ಬಗೆಯನ್ನು ಹೇಳುವುದಕ್ಕೆ ಮುಂಚೆ ಅದು ಬಂದ ಬಗೆಯನ್ನು ಹೇಳಬೇಕು.

ನಮ್ಮ ತಂದೆಯವರು ಗದಗಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ಗದಗಿಗೆ ಮುದ್ರಣ ಕಾಶಿಯೆಂಬ ಹೆಸರಿದೆಯಷ್ಟೆ. ಶಾಲೆಯ ಪಠ್ಯ, ಪಂಚಾಂಗ, ಪುರಾಣ, ನಾಟಕದ ಪುಸ್ತಕ, ವ್ಯಾಪಾರಿಗಳ ಖಾತೆ ವಹಿ, ಹೀಗೆ ಅಚ್ಚಾದದ್ದೆಲ್ಲ ಕೊನೆಗೆ ಬೈಂಡಿಂಗಿನವನ ಮುಂದೆ ಬಂದು ಕೂಡಲೇಬೇಕು. ಅಚ್ಚಿನ ಮೊಳೆ ಜೋಡಿಸುವವನ ಹೆಸರನ್ನಾದರೂ ಎಲ್ಲಿಯೋ ಒಂದು ಕಡೆ ನೆನೆದಾರು. ಫಾರ್ಮು ಮಡಿಚಿ, ಹೊಲಿದು, ರಟ್ಟು ಹಚ್ಚಿದವನನ್ನು ಯಾವ ಮುನ್ನುಡಿಯಲ್ಲಿಯೂ ನಾನು ಕಂಡಿಲ್ಲ. ಇರಲಿ.

ಆ ಮುದ್ರಣಾಲಯಗಳಿಗೆ ಕಾಗದ ಬರುತ್ತಿದ್ದ ಊರುಗಳಲ್ಲಿ ದಾಂಡೇಲಿಯೂ ಒಂದು. ಅಲ್ಲಿಯ ಕಾಗದದ ಕಾರ್ಖಾನೆ ಹುಟ್ಟಿದ್ದು 1950ರ ದಶಕದಲ್ಲಿ, ಸುತ್ತಲಿನ ಕಾಡಿನ ಬಿದಿರನ್ನು ನಂಬಿಕೊಂಡು. ರೀಮುಗಳನ್ನು ತರುತ್ತಿದ್ದ ಲಾರಿಯ ಚಾಲಕರೊಬ್ಬರಿಗೂ ನಮ್ಮ ತಂದೆಗೂ ಸ್ನೇಹ. ಅವರ ಮಗನ ಪುಸ್ತಕಗಳಿಗೆಲ್ಲ ತಂದೆ ಪುಕ್ಕಟೆ ರಟ್ಟು ಹಾಕಿಕೊಟ್ಟದ್ದಕ್ಕೆ ಪ್ರತಿಯಾಗಿ, 1963ರ ಸುಮಾರಿಗೆ, ಅವರು ಒಂದು ದಿನ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಕೊಂಬನ್ನು ತಂದುಕೊಟ್ಟರು. ಬೇಸಗೆಯಲ್ಲಿ ಕಾಡಿನ ದಾರಿಯ ಬದಿಯಲ್ಲಿ ಬಿದ್ದಿತ್ತಂತೆ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ನನ್ನ ತೋಳಿಗಿಂತ ಉದ್ದವಾದ, ಕಂದು ಬಣ್ಣದ, ಮೂರು ಕವಲಿನ ಆ ವಸ್ತುವನ್ನು ಕಂಡು, “ಅಪ್ಪಾ, ಇದು ಚಿಗರಿ ಕೋಡೇನು?” ಎಂದು ಕೇಳಿದೆ. ಬೆಟಗೇರಿಯ ಹುಡುಗರಿಗೆ ಗೊತ್ತಿದ್ದ ಕೋಡಿನ ಕಾಡುಪ್ರಾಣಿಯೆಂದರೆ ಚಿಗರಿಯೊಂದೇ. “ಅಲ್ಲ ತಮ್ಮಾ, ಇದು ಕಡವಿ ಕೊಂಬು. ಚಿಗರಿ ಕೋಡು ಹಿಂಗ ಕವಲು ಒಡಿಯೂದಿಲ್ಲ. ಮತ್ತ ಅದು ತಾನಾಗಿ ಉದುರೂದೂ ಇಲ್ಲ” ಎಂದರು ತಂದೆ.

ನಾನು ಮುಂದೆ ಓದಿ ತಿಳಿದ ಎಷ್ಟೋ ಸಂಗತಿ ಆ ಎರಡು ಮಾತಿನಲ್ಲಿ ಅಡಕವಾಗಿತ್ತು. ಕನ್ನಡದಲ್ಲಿ ನಾವು ಎಮ್ಮೆಗೂ ಕೊಂಬು, ಕಡವೆಗೂ ಕೊಂಬು ಎನ್ನುತ್ತೇವೆ. ಕೋಡು ಎಂದರೂ ಹಾಗೆಯೇ. ಆದರೆ ಪ್ರಕೃತಿಯ ಲೆಕ್ಕದಲ್ಲಿ ಇವು ಎರಡು ಜಾತಿ. ಎಮ್ಮೆ, ಆಡು, ಚಿಗರಿ ಇವುಗಳದ್ದು ನಮ್ಮ ಉಗುರಿನ ಪದಾರ್ಥ. ಒಳಗೆ ಮೂಳೆಯ ಗೂಟ, ಅದರ ಮೇಲೆ ತೊಡಿಸಿದ ಚೀಲದಂಥ ಪೊಳ್ಳು ಹೊದಿಕೆ. ಅದು ಹುಟ್ಟಿನಿಂದ ಸಾಯುವ ತನಕ ಬೆಳೆಯುತ್ತ ಹೋಗುತ್ತದೆ, ಉದುರುವುದಿಲ್ಲ. ಕಡವೆ, ಚುಕ್ಕೆಜಿಂಕೆಗಳದ್ದಾದರೋ ಸಾಕ್ಷಾತ್ ಮೂಳೆ. ಗಂಡಿಗೆ ಮಾತ್ರ ಮೂಡುತ್ತದೆ; ಮಖಮಲ್ಲಿನಂಥ ತೊಗಲು ಹೊದ್ದು, ರಕ್ತ ಕುಡಿದು, ಕೆಲವೇ ತಿಂಗಳಲ್ಲಿ ಪೂರ್ತಿ ಬೆಳೆಯುತ್ತದೆ. ಆಮೇಲೆ ತೊಗಲು ಒಣಗುತ್ತದೆ, ಪ್ರಾಣಿ ಅದನ್ನು ಮರಕ್ಕೆ ತಿಕ್ಕಿ ಕಳಚುತ್ತದೆ. ಬೆದೆಯ ಕಾಲದ ಕಾದಾಟ ಮುಗಿದ ಮೇಲೆ ಕೊಂಬು ಬುಡದಲ್ಲಿ ಸಡಿಲಾಗಿ ಬಿದ್ದುಹೋಗಿ, ಅದೇ ಜಾಗದಲ್ಲಿ ಹೊಸದು ಮೊಳೆಯುತ್ತದೆ. ಮರ ಎಲೆಯುದುರಿಸಿ ಚಿಗುರುವ ಹಾಗೆ. ಹಳೆಯ ಕನ್ನಡದಲ್ಲಿ ಕೊಂಬು ಎಂದರೆ ಪ್ರಾಣಿಯ ಕೋಡೂ ಹೌದು, ಮರದ ಕೊಂಬೆಯೂ ಹೌದು. ಆ ಶಬ್ದವನ್ನು ಮೊದಲು ಬಳಸಿದವನು ಕಡವೆಯನ್ನು ನೋಡಿಯೇ ಬಳಸಿರಬೇಕೆಂದು ನನಗೆ ಅನಿಸುತ್ತದೆ. ಭಾಷಾಶಾಸ್ತ್ರದವರು ಕ್ಷಮಿಸಬೇಕು.

ತಂದೆ ಆ ಕೊಂಬನ್ನು ತೆಗೆದುಕೊಂಡು ಲಕ್ಷ್ಮೇಶ್ವರಕ್ಕೆ ಹೊರಟರು, ನಾನೂ ಬೆನ್ನು ಹತ್ತಿದೆ. ಸೋಮೇಶ್ವರನ ಗುಡಿಯ ಆ ಊರಿನ ಹಳೆಯ ಹೆಸರು ಪುಲಿಗೆರೆಯೆಂದು ಬಲ್ಲವರು ಬಲ್ಲರು. ನಮಗೆ ಬೇಕಾಗಿದ್ದದ್ದು ಗುಡಿಯಲ್ಲ, ತಂದೆಗೆ ಪರಿಚಯವಿದ್ದ ಒಬ್ಬ ಮುದುಕ ಕಮ್ಮಾರರ ಕುಲುಮೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಸವೆದುಹೋದ ಒಂದು ಅರವನ್ನು ಕಾಸಿ, ಬಡಿದು, ಅವರು ಅಲಗು ಮಾಡಿದರು. ಅರದ ಉಕ್ಕಿನಷ್ಟು ಧಾರೆ ನಿಲ್ಲುವ ಉಕ್ಕು ಬೇರೆ ಸಿಕ್ಕುವುದು ಕಷ್ಟ. ಅಲಗಿನ ಹಿಂದೆ ಇಲಿಯ ಬಾಲದ ಹಾಗೆ ಸಣ್ಣಗೆ ಎಳೆದ ಕಬ್ಬಿಣ, ಹಿಡಿಕೆಯೊಳಗೆ ಹೋಗುವುದಕ್ಕೆ. ಕೊಂಬಿನ ಬುಡದ ಕಡೆಯ ಆರು ಇಂಚನ್ನು ಗರಗಸದಿಂದ ಕೊಯ್ದು, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಗ್ಗೆ ಕುದಿಸಿದರು. ಕೊಂಬಿನ ನಡುವೆ ಸ್ಪಂಜಿನಂಥ ತಿರುಳಿರುತ್ತದೆ. ಅದು ಮೆತ್ತಗಾದ ಮೇಲೆ, ಕೆಂಪಗೆ ಕಾದ ಬಾಲವನ್ನು ಅದರೊಳಕ್ಕೆ ಒತ್ತಿ ದಾರಿ ಮಾಡಿದರು. ಆಗ ಎದ್ದ ವಾಸನೆಯನ್ನು ಮರೆಯುವುದು ಸಾಧ್ಯವಿಲ್ಲ. ಸುಟ್ಟ ಕೂದಲಿನ, ಸುಟ್ಟ ಎಲುಬಿನ ವಾಸನೆ! “ಮೂಗು ಮುಚ್ಚಿಕೋ, ಈ ಧೂಳ ಒಳಗ ಹೋಗಬಾರದು” ಎಂದು ಕಾಕಾ ಗದರಿದರು. ಕೊಂಬಿನ ಪುಡಿ ಪುಪ್ಪುಸಕ್ಕೆ ಕೆಟ್ಟದ್ದೆಂದು ಈಗ ಎಲ್ಲರೂ ಹೇಳುತ್ತಾರೆ. ಅವರಿಗೆ ಆಗಲೇ ಗೊತ್ತಿತ್ತು.

ಕೊನೆಗೆ ಬೆಸುಗೆ. ಅರಗನ್ನು ಕರಗಿಸಿ, ಅದಕ್ಕೆ ನುಣ್ಣಗೆ ಸೋಸಿದ ಇಟ್ಟಂಗಿಯ ಪುಡಿ ಬೆರೆಸಿ, ತೂತಿನಲ್ಲಿ ಹೊಯ್ದು, ಬಾಲವನ್ನು ಬಿಸಿ ಮಾಡಿ ಕೂಡಿಸಿದರು. ನಮ್ಮ ದೇಶದ ಕತ್ತಿಗಳ ಹಿಡಿಕೆ ಕೂಡಿಸುವ ಹಳೆಯ ಕ್ರಮವೇ ಇದು. ಅರಸರ ಖಡ್ಗಕ್ಕೂ ಇದೇ, ರೈತನ ಕುಡಗೋಲಿಗೂ ಇದೇ. ಅದರ ಗುಣವೇನೆಂದರೆ, ತಣ್ಣಗಾದಾಗ ಕಲ್ಲು, ಕಾಸಿದರೆ ಮತ್ತೆ ಬೆಣ್ಣೆ. ಅಲಗು ಸವೆದಾಗ ಬೇರೆ ಅಲಗು ಹಾಕಬಹುದು, ಹಿಡಿಕೆ ಒಡೆದಾಗ ಬೇರೆ ಹಿಡಿಕೆ ಹಾಕಬಹುದು. ಈ ಗುಣವನ್ನು ಕೇಳುಗರು ಸ್ವಲ್ಪ ನೆನಪಿನಲ್ಲಿಡಬೇಕು.

ಆ ಕತ್ತಿ ನಮ್ಮ ಮನೆಯಲ್ಲಿ ಸುಮಾರು ಅರವತ್ತು ವರ್ಷ ದುಡಿಯಿತು. ತಂದೆಯ ಕೈಯಲ್ಲಿ ಹೆಚ್ಚು, ನನ್ನ ಕೈಯಲ್ಲಿ ಕಡಿಮೆ. ಬೈಂಡಿಂಗಿನವನ ಕೈ ಯಾವಾಗಲೂ ಮೈದಾ ಹಿಟ್ಟಿನ ಅಂಟಿನಲ್ಲಿ ಒದ್ದೆ. ಮರದ ಹಿಡಿಕೆ ಹತ್ತು ವರ್ಷಕ್ಕೆ ನುಣುಪಾಗಿ, ಅಂಟುಗೈಯಲ್ಲಿ ಮೀನಿನಂತೆ ಜಾರತೊಡಗುತ್ತದೆ. ಕಡವೆಯ ಕೊಂಬಿನ ಮೈಮೇಲೆ ಉದ್ದಕ್ಕೂ ಗೀರು, ಗಂಟು, ಸಣ್ಣ ಸಣ್ಣ ಮುತ್ತಿನಂಥ ಉಬ್ಬುಗಳು. ಮಖಮಲ್ಲಿನ ಹೊದಿಕೆಯೊಳಗೆ ರಕ್ತನಾಳಗಳು ಹರಿದ ಜಾಡುಗಳೇ ಆ ಗೀರುಗಳು. ಒದ್ದೆಗೈಗೆ ಅಷ್ಟು ಹಿಡಿತ ಕೊಡುವುದು ಬೇರೆ ಯಾವುದೂ ಇಲ್ಲ. ಮಾಗಿಯ ಮುಂಜಾವಿನಲ್ಲಿ ಕಬ್ಬಿಣದಂತೆ ಕೊರೆಯುವುದಿಲ್ಲ. ಕೈತಪ್ಪಿ ಕಲ್ಲುಹಾಸಿನ ಮೇಲೆ ಬಿದ್ದರೆ ಸೀಳುವುದಿಲ್ಲ. ಇದಕ್ಕೂ ಕಾರಣವುಂಟು. ಕೊಂಬಿನಲ್ಲಿ ಖನಿಜದ ಪಾಲು ಕಾಲಿನ ಮೂಳೆಗಿಂತ ಕಡಿಮೆ, ಆದ್ದರಿಂದ ಬಿರುಸು ಕಡಿಮೆ, ತಾಳಿಕೆ ಹೆಚ್ಚು. ಎರಡು ಗಂಡು ಕಡವೆಗಳು ತಲೆಗೆ ತಲೆ ಕೊಟ್ಟು ಹೊಡೆದಾಡುವಾಗ ಮುರಿಯಬಾರದೆಂದು ಹುಟ್ಟಿದ ವಸ್ತುವಲ್ಲವೇ ಅದು? ಸ್ವಿಟ್ಜರ್ಲೆಂಡಿನ ಸರೋವರಗಳ ಅಂಚಿನಲ್ಲಿ ನೆಲೆಸಿದ್ದ ನವಶಿಲಾಯುಗದ ಜನ ಇದನ್ನು ಚೆನ್ನಾಗಿ ಅರಿತಿದ್ದರು. ಕಲ್ಲಿನ ಕೊಡಲಿಗೂ ಮರದ ಕಾವಿಗೂ ನಡುವೆ ಜಿಂಕೆಯ ಕೊಂಬಿನ ಒಂದು ತುಂಡನ್ನು ಒರೆಯಂತೆ ಕೂಡಿಸುತ್ತಿದ್ದರು. ಹೊಡೆತದ ಅದಟು ಅದರಲ್ಲಿಯೇ ಇಂಗಿ ಕಾವು ಉಳಿಯುತ್ತಿತ್ತು.

ದೋಷಗಳಿಲ್ಲವೆಂದಲ್ಲ. ತಿರುಳು ನೀರು ಕುಡಿಯುತ್ತದೆ. ಬಿಸಿನೀರಿನಲ್ಲಿ ಬಿಟ್ಟರೆ ಬಿರುಕು ಬಿಡುತ್ತದೆ. ಅಡಿಗೆಮನೆಗೆ ಅದು ತಕ್ಕದ್ದಲ್ಲ. ಒಂದರಂತೆ ಇನ್ನೊಂದಿಲ್ಲ, ಕೈಗೆ ಅದು ಒಗ್ಗುವುದಕ್ಕಿಂತ ಅದಕ್ಕೆ ಕೈ ಒಗ್ಗಬೇಕು. ಎಮ್ಮೆಯ ಕೊಂಬಾದರೆ ಕಾಸಿ, ಒತ್ತಿ, ಬೇಕಾದ ಆಕಾರಕ್ಕೆ ತರಬಹುದು, ಕನ್ನಡಿಯಂತೆ ಹೊಳಪಿಸಬಹುದು. ಆದರೆ ಅದು ಸೊಟ್ಟಗಾಗುತ್ತದೆ, ಹುಳು ತಿನ್ನುತ್ತದೆ. ಕೊಡಗಿನ ಒಡಿಕತ್ತಿಗೆ ಮರದ ಅಥವಾ ಕೊಂಬಿನ ಹಿಡಿ, ಪೀಚೆಕತ್ತಿಗೆ ಉಳ್ಳವರ ಮನೆಯಲ್ಲಿ ದಂತ, ಬೆಳ್ಳಿ. ಚಿಗರಿಯ ಕೋಡಿನದು ಮತ್ತೊಂದೇ ದಾರಿ. ಎರಡು ಕೋಡುಗಳನ್ನು ಬುಡಕ್ಕೆ ಬುಡ ಸೇರಿಸಿ, ತುದಿಗಳಿಗೆ ಉಕ್ಕು ತೊಡಿಸಿದ ‘ಮಾಡು’ ಎಂಬ ಆಯುಧವನ್ನು ಹಿಂದೆ ಫಕೀರರು ಹಿಡಿಯುತ್ತಿದ್ದರು. ಅಲ್ಲಿ ಕೋಡು ಹಿಡಿಕೆಯಲ್ಲ, ಅದೇ ಅಲಗು.

ನಮ್ಮ ಕಡೆಯ ಕತ್ತಿಗಳ ಹಿಡಿಕೆ ಹಿಂದಿನ ಕಾಲದಲ್ಲಿ ಯಾವುದರದ್ದಾಗಿತ್ತು ಎಂದು ಹುಡುಕಹೊರಟರೆ ಕೈಗೆ ಸಿಕ್ಕುವುದು ಸ್ವಲ್ಪ. ಬೆಟಗೇರಿಯ ವೀರಗಲ್ಲುಗಳ ಮುಂದೆ ನಾನು ಎಷ್ಟೋ ಸಂಜೆ ನಿಂತಿದ್ದೇನೆ. ಕಲ್ಲು ಹಿಡಿಕೆಯ ಆಕಾರವನ್ನು ಹೇಳೀತು, ಅದು ಮರವೋ ಕೊಂಬೋ ಹೇಳಲಾರದು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ಅಗೆದಾಗ ಸುಮಾರು ಮೂರು ಸಾವಿರ ವರ್ಷದ ಹಿಂದಿನ ಕಬ್ಬಿಣ ದೊರಕಿ ವಿದ್ವಾಂಸರನ್ನು ಬೆರಗುಗೊಳಿಸಿತು. ಆ ಕಾಲದ ಕಬ್ಬಿಣ ಎಲ್ಲಿ ದೊರೆತರೂ ಸಾಮಾನ್ಯವಾಗಿ ಉಳಿದುಬರುವುದು ಅಲಗು, ಅದರ ಹಿಂದಿನ ಬಾಲ. ಕೈ ಹಿಡಿದ ಜಾಗ ಮಣ್ಣಾಗಿರುತ್ತದೆ. ಕತ್ತಿಯ ಇತಿಹಾಸವೆಲ್ಲ ಕೊಯ್ಯುವ ಭಾಗದ ಇತಿಹಾಸವಾಗಿಬಿಟ್ಟಿದೆ, ಹಿಡಿಯುವ ಭಾಗದ್ದಲ್ಲ.

ಹತ್ತಿರದ ಕಾಲದ ಸಂಗತಿ ಸ್ಪಷ್ಟವಾಗಿದೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಕತ್ತಿಯ ಊರುಗಳು. ಅಲ್ಲಿಯ ಒಳ್ಳೆಯ ಚಾಕುಗಳ ಹಿಡಿಕೆಗೆ ಅವರು ಬಯಸಿದ್ದು ತಮ್ಮ ನಾಡಿನ ಜಿಂಕೆಯ ಕೊಂಬನ್ನಲ್ಲ, ನಮ್ಮ ಕಡವೆಯದನ್ನು. ಕಡವೆಯ ಕೊಂಬಿನಲ್ಲಿ ಹೊರಗಿನ ಗಟ್ಟಿಪದರ ದಪ್ಪ, ತಿರುಳು ಕಡಿಮೆ. ಕೊಯ್ದಷ್ಟೂ ಕೆಲಸಕ್ಕೆ ಬರುತ್ತದೆ. ನಮ್ಮ ಕಾಡಿನಿಂದ ಹೋದ ಕೊಂಬು ಶೆಫೀಲ್ಡಿನ ಹಿಡಿಕೆಯಾಗಿ, ದೊರೆಗಳ ಜೇಬಿನಲ್ಲಿ ಕುಳಿತು ಮತ್ತೆ ನಮ್ಮ ದೇಶಕ್ಕೇ ಬಂದದ್ದುಂಟು. ಉದುರಿದ ಕೊಂಬಿನ ಈ ರಫ್ತು ಸ್ವಾತಂತ್ರ್ಯದ ನಂತರವೂ ನಡೆದು, 1990ರ ದಶಕದ ಕೊನೆಯ ಹೊತ್ತಿಗೆ ನಿಂತಿತು. ಈಗ ಅಲ್ಲಿಯವರು ತಮ್ಮ ಕೆಂಪುಜಿಂಕೆಯ ಕೊಂಬನ್ನು ಬಳಸುತ್ತಾರೆ, ಇಲ್ಲವೆ ದನದ ಎಲುಬಿನ ಮೇಲೆ ಗೀರು ಕೊರೆದು ಕೊಂಬಿನ ಹಾಗೆ ಕಾಣಿಸುತ್ತಾರೆ. ಪ್ಲಾಸ್ಟಿಕ್ಕಿನ ಮೇಲೂ ಅದೇ ಗೀರು ಮೂಡಿಸುತ್ತಾರೆ! ರಕ್ತನಾಳದ ಜಾಡು ರಕ್ತವೇ ಹರಿಯದ ವಸ್ತುವಿನ ಮೇಲೆ.

ರಫ್ತು ಏಕೆ ನಿಲ್ಲಬೇಕಾಗಿತ್ತು? ಶಿರಹಟ್ಟಿಯ ನನ್ನ ಗೆಳೆಯರೊಬ್ಬರು, ನನ್ನಂತೆಯೇ ನಿವೃತ್ತ ಶಿಕ್ಷಕರು, ಈ ಪ್ರಶ್ನೆಯನ್ನು ಬಹಳ ಕಟುವಾಗಿ ಕೇಳುತ್ತಿದ್ದರು. “ಪ್ರಾಣಿ ತಾನs ಬ್ಯಾಡಂತ ಬಿಸಾಕಿದ್ದರೀ ಅದು. ಮರದಿಂದ ಬಿದ್ದ ಹಣ್ಣ ಆರಿಸಿದ್ರ ಮರಕ್ಕ ಏನು ನಷ್ಟ?” ಎನ್ನುವರು. ನನಗೂ ಬಹುಕಾಲ ಹಾಗೆಯೇ ತೋರಿತ್ತು. ಆನೆಯ ದಂತಕ್ಕೆ ಆನೆ ಸಾಯಬೇಕು, ಚಿಗರಿಯ ಕೋಡಿಗೆ ಚಿಗರಿ ಸಾಯಬೇಕು. ಕಡವೆಯ ಕೊಂಬೊಂದೇ ಅಹಿಂಸೆಯ ವಸ್ತು ಎಂದು ನಾನೇ ತರಗತಿಯಲ್ಲಿ ಹುಡುಗರಿಗೆ ಹೇಳಿದ್ದೇನೆ.

ಆದರೆ ಕಾಡಿನಲ್ಲಿ ಬಿದ್ದ ಕೊಂಬು ಹಾಳಾಗುವುದಿಲ್ಲ. ಮುಳ್ಳುಹಂದಿ ಅದನ್ನು ಕಡಿದು ಕಡಿದು ತಿನ್ನುತ್ತದೆ, ಸುಣ್ಣಕ್ಕಾಗಿ, ರಂಜಕಕ್ಕಾಗಿ. ಜಿಂಕೆಗಳೂ ಅದನ್ನು ಅಗಿಯುವುದುಂಟು. ಇದು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. ಉದುರಿದ ಕೊಂಬಿನ ಬುಡ ಉಬ್ಬಾಗಿ, ಒರಟಾಗಿ, ಸುತ್ತಲೂ ಮುತ್ತು ಪೋಣಿಸಿದ ಉಂಗುರದಂತಿರುತ್ತದೆ. ಕೊಂದು ತೆಗೆದ ಕೊಂಬಿನ ಆ ಉಂಗುರದ ಕೆಳಗೆ ತಲೆಬುರುಡೆಯ ಎಲುಬು ಅಂಟಿಕೊಂಡಿರುತ್ತದೆ. ಎರಡರ ಬುಡವನ್ನೂ ಗರಗಸದಿಂದ ಕೊಯ್ದು, ನಡುವಿನ ತುಂಡನ್ನು ಹಿಡಿಕೆ ಮಾಡಿದಿರೋ, ಇದು ಬಿದ್ದದ್ದು, ಇದು ಕೊಂದದ್ದು ಎಂದು ಹೇಳಬಲ್ಲ ಜಾಣ ಯಾರೂ ಇಲ್ಲ. ತೂಕದ ಮೇಲೆ ಹಣ ಕೊಡುವ ವ್ಯಾಪಾರಿ ಕಾಯುತ್ತಿರುವಾಗ, ಬೇಸಗೆ ಬಂದು ಅದು ತಾನಾಗಿ ಉದುರಲಿ ಎಂದು ಕಾಯುವ ತಾಳ್ಮೆ ಎಷ್ಟು ಮಂದಿಗಿದ್ದೀತು? ಬಿದ್ದ ಕೊಂಬಿನ ಮರೆಯಲ್ಲಿ ಕೊಂದ ಕೊಂಬು ಸಾಗಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೊಂಬನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡದ್ದು ಸುಮ್ಮನಲ್ಲ.

ಈ ಮಾತು ನಮ್ಮ ಕಡೆ ಬಿಸಿಯಾಗಿಯೇ ಇದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಗುಡ್ಡದ ಸುತ್ತಲಿನ ಎರೆಹೊಲಗಳಲ್ಲಿ ಚಿಗರಿಗಳ ಹಿಂಡು ಮೇಯುವುದನ್ನು ಮುಂಡರಗಿಯ ಕಡೆ ಹೋದವರೆಲ್ಲ ನೋಡಿಯೇ ಇರುತ್ತಾರೆ. ನೋಡುವವರಿಗೆ ಚೆಂದ, ಹೆಸರು ಬಿತ್ತಿದವನಿಗೆ ಅಲ್ಲ. ಅಲ್ಲಿಯ ಒಬ್ಬ ರೈತರು ನನಗೆ, “ಮಾಸ್ತರs, ನಿಮ್ಮ ಕತ್ತಿ ಹಿಡಿಕಿ ಚೆಂದ ಐತಿ ಖರೆ. ಆದ್ರ ನನ್ನ ಬೆಳಿ ತಿಂದು ಬೆಳದ ಕೋಡು ನನ್ನ ಹೊಲದಾಗ ಬಿದ್ದಿದ್ರೂ ನಾನು ಮುಟ್ಟಂಗಿಲ್ಲ” ಎಂದರು. ಅವರ ಹೊಲದ ಬದುವಿನಲ್ಲಿ ಸತ್ತ ಚಿಗರಿಯೊಂದರ ಸುರುಳಿಗೋಡು ಬಿಸಿಲಿಗೆ ಬೆಳ್ಳಗಾಗಿ ಬಿದ್ದಿತ್ತು. ಅವರು ಮುಟ್ಟಿರಲಿಲ್ಲ. ನನ್ನಲ್ಲಿ ಅವರಿಗೆ ಕೊಡಲು ಉತ್ತರವಿರಲಿಲ್ಲ. ಬೆಳೆ ಕಳೆದುಕೊಂಡವನಿಗೆ ಇರುವ ಕಟ್ಟು, ಬೈಂಡಿಂಗಿನವನ ಮಗನಾದ ನನಗೆ ಏಕಿಲ್ಲ ಎಂಬುದು ಮಾತ್ರ ಅಂದಿನಿಂದ ಮನಸ್ಸಿನಲ್ಲಿ ಕೊರೆಯತೊಡಗಿತು.

2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕದ ಪ್ರಕರಣ ಪತ್ರಿಕೆಗಳಲ್ಲೆಲ್ಲ ಬಂದದ್ದು ನಿಮಗೆ ನೆನಪಿದ್ದೀತು. ಅದರ ಬೆನ್ನಿಗೆ 2024ರ ಜನವರಿಯಲ್ಲಿ ಕರ್ನಾಟಕ ಸರಕಾರ, ಮನೆಯಲ್ಲಿ ಇಂಥ ವಸ್ತುಗಳಿದ್ದವರು ಒಪ್ಪಿಸುವುದಕ್ಕೆ ಮೂರು ತಿಂಗಳ ಅವಕಾಶವನ್ನು ಪ್ರಕಟಿಸಿತು. ನಾನು ಕತ್ತಿಯನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಕಮ್ಮಾರ ಕಾಕಾ ಕೊಂಬಿನ ಬುಡವನ್ನು ಕೊಯ್ದಿರಲಿಲ್ಲ. ಹಿಡಿಕೆಯ ತುದಿಯಲ್ಲಿ ಆ ಮುತ್ತಿನ ಉಂಗುರ, ಅದರ ಉಬ್ಬಿದ ಒರಟು ತಳ ಹಾಗೆಯೇ ಇತ್ತು. ಇದು ಉದುರಿದ್ದೇ, ಕೊಂದದ್ದಲ್ಲ ಎಂಬುದಕ್ಕೆ ಅದರಷ್ಟು ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ. ನಿರಪರಾಧಿಯನ್ನೇ ಒಪ್ಪಿಸಬೇಕಾಗಿತ್ತು. ಅದೇ ಕೊಂಬಿನ ತುದಿಯ ಒಂದು ಕವಲನ್ನು ತಂದೆ ಉಜ್ಜಿ ನುಣುಪು ಮಾಡಿ, ಕಾಗದದ ಮಡಿಕೆ ಕೂಡಿಸುವುದಕ್ಕೆ ಬಳಸುತ್ತಿದ್ದರು. ಅದರಿಂದ ಎಳೆದ ಮಡಿಕೆಯಲ್ಲಿ ಕಾಗದ ಹೊಳೆಯುತ್ತಲೂ ಇರಲಿಲ್ಲ, ಹರಿಯುತ್ತಲೂ ಇರಲಿಲ್ಲ. ಅದೂ ಮೇಜಿನ ಮೇಲಿತ್ತು. ಎರಡು ವಾರ ನಾನು ನಿರ್ಧಾರ ಮಾಡಲಿಲ್ಲ. ಯಾರು ಬಂದು ನೋಡುತ್ತಾರೆ ಎಂಬ ಯೋಚನೆಯೂ ಬಂತೆಂದು ಒಪ್ಪಿಕೊಳ್ಳಬೇಕು. ಆ ರೈತರ ಹೊಲದ ಬದುವಿನಲ್ಲಿ ಬಿದ್ದಿದ್ದ ಕೋಡು ಮತ್ತೆ ಮತ್ತೆ ಕಣ್ಣ ಮುಂದೆ ಬರದಿದ್ದರೆ ಬಹುಶಃ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ.

ಕತ್ತಿಯನ್ನು ಲಕ್ಷ್ಮೇಶ್ವರಕ್ಕೆ ತೆಗೆದುಕೊಂಡು ಹೋದೆ. ಕಾಕಾ ಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಮೊಮ್ಮಗ ಗೇಟು, ಕಿಟಕಿಗಳ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಅವನು ಅಲಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಿತ್ತಾಳೆಯ ಕಟ್ಟಿನ ಹತ್ತಿರ ಮೆಲ್ಲಗೆ ಕಾಸಿದ. ಅರಗು ಮೆತ್ತಗಾಯಿತು. ಒಂದೇ ಎಳೆತಕ್ಕೆ ಅಲಗು ಈಚೆ ಬಂತು. “ಇದನ್ನ ಮಾಡಿದವರು ಬಿಚ್ಚಾಕಂತನ ಮಾಡ್ಯಾರ್ರೀ” ಎಂದ. ಬಾಲದ ಸುತ್ತ, ತೂತಿನಲ್ಲಿ ಬಿಗಿಯಾಗಿ ಕೂಡಲೆಂದು, ದಾರ ಸುತ್ತಿದ್ದರು. ಅರಗು ಕುಡಿದು ಕಪ್ಪಾಗಿತ್ತು. ನೋಡಿದೊಡನೆ ಗುರುತು ಹತ್ತಿತು. ನಮ್ಮ ಮನೆಯ ಬೈಂಡಿಂಗ್ ದಾರ.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಬರೆದುಕೊಂಡವರು ಹುಡುಗಿ, ಇಪ್ಪತ್ತೈದರ ಒಳಗಿನವರು. ಕಡವೆ ಕೊಂಬಿನ ತುಂಡು ಎರಡು, ಒಂದು ಆರು ಇಂಚು, ಒಂದು ನಾಲ್ಕೂವರೆ ಎಂದು ಬರೆದುಕೊಂಡರು. ಉಂಗುರದ ತಳವನ್ನು ಬೆರಳಿನಿಂದ ಮುಟ್ಟಿ ನೋಡಿ, “ಇದು ಉದುರಿದ್ದು ಸರ್” ಎಂದರು. ಹೌದೆಂದೆ. ಬೇರೆ ಮಾತು ನಡೆಯಲಿಲ್ಲ.

ಅಲಗಿಗೆ ಈಗ ಜಾಲಿಯ ಹಿಡಿಕೆ. ನಮ್ಮ ಎರೆಭೂಮಿಯ ಮರವೇ. ಗಟ್ಟಿ, ಭಾರ, ಒಳ್ಳೆಯ ಕೆಲಸಗಾರ. ಅರಗಿನಿಂದಲೇ ಕೂಡಿಸಿಕೊಟ್ಟ, ಇಟ್ಟಂಗಿಯ ಪುಡಿ ಬೆರೆಸಿ, ನಾನು ಹೇಳಿದ ಪ್ರಕಾರ. ಮಡಿಕೆಗೆ ಒಂದು ಬಿದಿರಿನ ಸೀಳನ್ನು ಉಜ್ಜಿಟ್ಟುಕೊಂಡಿದ್ದೇನೆ. ಮೊಮ್ಮಕ್ಕಳ ಪುಸ್ತಕ, ನಮ್ಮ ಓಣಿಯ ವಾಚನಾಲಯದ ಹರಿದ ಪುಸ್ತಕ ಬಂದಾಗ ಕತ್ತಿ ತೆಗೆಯುತ್ತೇನೆ. ಹೊಸ ಹಿಡಿಕೆ ಅಂಟುಗೈಯಲ್ಲಿ ಜಾರುತ್ತಿತ್ತು. ಅದಕ್ಕೆ ಬೈಂಡಿಂಗ್ ದಾರವನ್ನೇ ಹತ್ತು ಸುತ್ತು ಬಿಗಿಯಾಗಿ ಸುತ್ತಿದ್ದೇನೆ, ಈಗ ಜಾರುವುದಿಲ್ಲ.